ಕಹಿ ಹೋಗಿದೆ ಎಂದವಳು ನಾನೇ

ಸೋಯಾ ಚೂರನ್ನು ಬಿಸಿ ನೀರಿನಲ್ಲಿ ನೆನೆಸಿ ಹಿಂಡಿದರೆ ಕೈಗೆ ಒಂದು ಹಸಿ ವಾಸನೆ ಹತ್ತುತ್ತದೆ. ಸಾಬೂನು ಹಚ್ಚಿ ತಿಕ್ಕಿದರೂ ಮನೆ ತಲುಪುವವರೆಗೆ ಬಿಡುವುದಿಲ್ಲ. ನಮ್ಮ ಕಾರ್ಖಾನೆಯಲ್ಲಿ ಆ ವಾಸನೆಯನ್ನು ಮುಚ್ಚುವುದೇ ದೊಡ್ಡ ಕೆಲಸ. ಮಸಾಲೆ ಸ್ವಲ್ಪ ಮುಚ್ಚುತ್ತದೆ, ಉಳಿದದ್ದನ್ನು ಉಪ್ಪು ಮುಚ್ಚುತ್ತದೆ. ಆ ಉಪ್ಪನ್ನು ಕಡಿಮೆ ಮಾಡಿ ಎಂದು ಒಂದು ಆರ್ಡರ್ ಬಂತು. ನನ್ನ ಅಣ್ಣನ ವಿಷಯದಲ್ಲಿ ನಾನು ಮಾಡಿದ್ದೆಲ್ಲ ಆ ಆರ್ಡರಿನಿಂದ ಶುರುವಾಯಿತು.

ವಿಕ್ರೋಳಿಯ ಒಂದು ಇಂಡಸ್ಟ್ರಿಯಲ್ ಎಸ್ಟೇಟಿನ ನೆಲಮಹಡಿಯಲ್ಲಿ ನಮ್ಮ ಕಾರ್ಖಾನೆ. ಮಾಂಸವಿಲ್ಲದ ಬರ್ಗರ್ ಪ್ಯಾಟಿ ಮಾಡುತ್ತೇವೆ. ಬನ್ನಿನ ನಡುವೆ ಇಡುವ ಚಪ್ಪಟೆ ಕಟ್ಲೆಟ್ ಎಂದರೆ ಊರಿನವರಿಗೂ ತಿಳಿಯುತ್ತದೆ. ನಾನಿದ್ದದ್ದು ಮಿಕ್ಸಿಂಗ್‌ನಲ್ಲಿ. ಹಿಂಡಿದ ಸೋಯಾ, ಹಬೆಯಲ್ಲಿ ಬೇಯಿಸಿ ಹಿಸುಕಿದ ಬಟಾಟೆ, ಗಜ್ಜರಿ, ಬಟಾಣಿ ಎಲ್ಲವನ್ನೂ ಮೊದಲು ತಣ್ಣಗೆ ಮಾಡಬೇಕು. ಅಂಟು ಬರಿಸುವ ಬಿಳಿ ಪುಡಿಯನ್ನು ಬರ್ಫದ ನೀರು ಮತ್ತು ಎಣ್ಣೆಯ ಜೊತೆ ಬೇರೆಯಾಗಿ ಕಡೆದು ಗಂಜಿಯ ಹದಕ್ಕೆ ತರಬೇಕು. ನೀರು ಸ್ವಲ್ಪ ಬೆಚ್ಚಗಿದ್ದರೂ ಪುಡಿ ಗಂಟು ಕಟ್ಟುತ್ತದೆ. ಗಂಟು ಕಟ್ಟಿದ ಬ್ಯಾಚಿನ ಪ್ಯಾಟಿ ಎಣ್ಣೆಯಲ್ಲಿ ಬಾಯಿ ಬಿಡುತ್ತದೆ. ಎಲ್ಲ ಕೂಡಿಸಿದ ಮೇಲೆ ಮಷೀನು ಅದನ್ನು ದುಂಡಗೆ ಒತ್ತುತ್ತದೆ. ಹಿಟ್ಟಿನಲ್ಲಿ ಅದ್ದಿ, ಬ್ರೆಡ್ಡಿನ ಪುಡಿ ಹಚ್ಚಿ, ಎಣ್ಣೆಯಲ್ಲಿ ಒಮ್ಮೆ ಮುಳುಗಿಸಿ ತೆಗೆದು, ಬಿರುಗಾಳಿಯಂತೆ ತಂಪು ಬೀಸುವ ಫ್ರೀಜರಿಗೆ ಕಳಿಸುತ್ತೇವೆ. ಅಲ್ಲಿಂದ ಕಲ್ಲಿನಂತಾಗಿ ಬಂದದ್ದು ಪ್ಯಾಕಿಂಗಿಗೆ ಹೋಗುತ್ತದೆ.

ಕೊಳ್ಳುವವರಿಗೆ ಪೆಟ್ಟಿಗೆಯ ಮೇಲೆ ಎರಡು ಮಾತು ಬೇಕಿತ್ತು. ಪ್ರೋಟೀನ್ ಹೆಚ್ಚು, ಸೋಡಿಯಂ ಕಡಿಮೆ. ಈ ಕೆಲಸ ವಹಿಸಿಕೊಂಡವರು ನಮ್ಮ ಫುಡ್ ಟೆಕ್ನಾಲಜಿಸ್ಟ್ ಮೇಡಂ. ವಯಸ್ಸಿನಲ್ಲಿ ನನಗಿಂತ ಬಹಳ ಚಿಕ್ಕವರು, ಉಡುಪಿ ಕಡೆಯ ಮನೆತನ, ಹುಟ್ಟಿ ಬೆಳೆದದ್ದು ಘಾಟ್ಕೋಪರಿನಲ್ಲಿ. ನಾನು ವಿಜಯಪುರದ ಕಡೆಯವಳೆಂದು ತಿಳಿದ ಮೇಲೆ ನನ್ನ ಜೊತೆ ಕನ್ನಡವನ್ನೇ ಆಡುತ್ತಿದ್ದರು. "ಮನೇಲಿ ತುಳು, ಸ್ಕೂಲಲ್ಲಿ ಇಂಗ್ಲಿಷ್, ಕನ್ನಡ ಥೋಡಾ ಥೋಡಾ. ತಪ್ಪಾದ್ರೆ ನಗಬೇಡಿ ಹಾಂ ಅಕ್ಕಾ" ಎನ್ನುತ್ತಿದ್ದರು.

ಮೊದಲು ಬರಿಯ ಉಪ್ಪು ಇಳಿಸಿ ನೋಡಿದೆವು. ಸೋಯಾದ ವಾಸನೆ ಎದ್ದು ನಿಂತಿತು. ನನ್ನ ಜೋಡಿ ಕೆಲಸ ಮಾಡುವ, ನಾವೆಲ್ಲ ಮಾವಶಿ ಎಂದು ಕರೆಯುವ ರತ್ನಾಗಿರಿಯ ಹೆಂಗಸು ಒಂದು ತುಂಡು ಅಗಿದು, ಇದು ಪ್ಯಾಟಿಯಲ್ಲ, ಡಬ್ಬಿಯ ರಟ್ಟು, ತಪ್ಪಿ ಕರಿದಿದ್ದೀರಿ ಎಂದು ಮರಾಠಿಯಲ್ಲಿ ಹೇಳಿ ಎಲ್ಲರನ್ನೂ ನಗಿಸಿದಳು. ಮೇಡಂ ನಗಲಿಲ್ಲ. ಮರುದಿನ ಇನ್ನೊಂದು ಬಿಳಿ ಪುಡಿಯ ಚೀಲ ತಂದರು.

"ಇದೂ ಉಪ್ಪೇ ಅಕ್ಕಾ, ಬೇರೆ ಟೈಪ್. ಸೋಡಿಯಂ ಬದಲು ಪೊಟ್ಯಾಶಿಯಂ. ಸ್ವಲ್ಪ ನಾಲಿಗೆಗೆ ಹಾಕಿ ನೋಡಿ."

ಹಾಕಿದೆ. ಮೊದಲು ಉಪ್ಪೇ ಅನ್ನಿಸಿತು. ನುಂಗಿದ ಮೇಲೆ ನಾಲಿಗೆಯ ಹಿಂದೆ, ಗಂಟಲ ಹತ್ತಿರ, ತಗಡು ನೆಕ್ಕಿದಂಥ ಕಹಿ ಬಂದು ಕುಳಿತಿತು. ನನ್ನ ಮುಖ ನೋಡಿ ಮೇಡಂ, "ಸಿಕ್ಕಿತು! ಇವರಿಗೆಲ್ಲ ಗೊತ್ತೇ ಆಗಲಿಲ್ಲ. ನಿಮ್ಮ ನಾಲಿಗೆ ಒಳ್ಳೇದಿದೆ" ಎಂದರು. ಅಂದಿನಿಂದ ಪ್ರತಿ ಟ್ರಯಲ್ ಬ್ಯಾಚಿನ ರುಚಿ ನೋಡುವುದು ನನ್ನ ಪಾಲಿಗೆ ಬಂತು. ಒಂದು ಪ್ಯಾಟಿ ಕರಿದು, ಆರಲು ಬಿಟ್ಟು, ಉಗುರುಬೆಚ್ಚಗಿನ ನೀರಿನಿಂದ ಬಾಯಿ ಮುಕ್ಕಳಿಸಿ, ನಿಧಾನ ಅಗಿದು, ನುಂಗಿ, ಸುಮ್ಮನೆ ಕೂತು ಕಹಿ ಬರುತ್ತದೆಯೋ ಎಂದು ಕಾಯಬೇಕು. ಮುನಸಿಪಾಲ್ಟಿಯ ಕನ್ನಡ ಶಾಲೆಯಲ್ಲಿ ಐದನೆಯದಕ್ಕೆ ಪಾಟಿ ಇಟ್ಟವಳು ನಾನು. ನಾನು ಹೇಳುವ ಮಾತಿಗಾಗಿ ಓದಿದ ಹುಡುಗಿಯೊಬ್ಬಳು ಪೆನ್ನು ಹಿಡಿದು ಕಾಯುವುದು ನನಗೆ ತಲೆಗೇರಿತು. ಇದನ್ನು ಮುಚ್ಚಿಟ್ಟರೆ ಮುಂದಿನದನ್ನು ಬರೆದೂ ಪ್ರಯೋಜನವಿಲ್ಲ.

ಕಹಿಯನ್ನು ಮುಚ್ಚಲು ಏನೇನೋ ಹಾಕಿದೆವು. ಆಮಚೂರ್ ಹಾಕಿದರೆ ಹುಳಿ ಮುಂದೆ ಬಂತು. ಸಕ್ಕರೆ ಹಾಕಿದಾಗ ಹಬ್ಬದ ಸಿಹಿ ಕೆಟ್ಟಂತಾಯಿತು. ಉಳ್ಳಾಗಡ್ಡಿ ಪುಡಿ, ಹುರಿದ ಜೀರಿಗೆ, ಮೆಣಸು, ಹುದುಗಿನ ವಾಸನೆಯ ಒಂದು ಕಂದು ಪುಡಿ ಇವುಗಳಿಂದ ಗುಣ ಕಂಡಿತು. ಸಂತೋಷಪಟ್ಟೆವು. ಆದರೆ ಅದೇ ಬ್ಯಾಚನ್ನು ಕೆಲವು ದಿನ ಫ್ರೀಜರಿನಲ್ಲಿಟ್ಟು ತೆಗೆದು ಕರಿದಾಗ ಮಸಾಲೆಯ ಘಮ ಇಳಿದಿತ್ತು, ಕಹಿ ಮಾತ್ರ ಹಾಗೇ ಇತ್ತು. ಮೇಡಂ ತಲೆ ಹಿಡಿದುಕೊಂಡರು. ಮತ್ತೆ ಮೊದಲಿನಿಂದ.

ಇನ್ನು ಮನೆಯ ಮಾತು. ಗಂಡ ತೀರಿಕೊಂಡ ಮೇಲೆ ನಾನು ಅಣ್ಣನ ಖೋಲಿಗೆ, ಒಂದೇ ಕೋಣೆಯ ಮನೆಗೆ, ಬಂದೆ. ಅಣ್ಣ ಟೆಂಪೊ ಓಡಿಸುತ್ತಿದ್ದ. ಬಿ.ಪಿ. ಏರಿ ಏರಿ ಅವನ ಕಿಡ್ನಿ ಎರಡೂ ಹೋದವು. ಸೋಮವಾರ, ಬುಧವಾರ, ಶುಕ್ರವಾರ ಮುಲುಂಡಿನ ಒಂದು ಧರ್ಮಾರ್ಥ ಕೇಂದ್ರದಲ್ಲಿ ಡಯಾಲಿಸಿಸ್. ಮಷೀನು ಅವನ ರಕ್ತ ತೊಳೆದು ಕೊಡುತ್ತದೆ, ಆದರೆ ಊಟದಲ್ಲಿ ತಪ್ಪಿದರೆ ಮಷೀನು ಬರುವವರೆಗೆ ಕಾಯಲು ದೇಹಕ್ಕೆ ಆಗುವುದಿಲ್ಲ. ಉಪ್ಪು ಕಡಿಮೆ, ನೀರು ಅಳತೆಯದು, ಹಣ್ಣು ಬೇಡ, ಎಳನೀರಂತೂ ಬೇಡವೇ ಬೇಡ. ತರಕಾರಿಯನ್ನು ಹೆಚ್ಚಿ ನೆನೆಸಿ, ಹೆಚ್ಚು ನೀರಿನಲ್ಲಿ ಕುದಿಸಿ, ಆ ನೀರು ಚೆಲ್ಲಿ ಅಡಿಗೆ ಮಾಡಬೇಕು. ಇಷ್ಟೆಲ್ಲ ನಾನು ತಪ್ಪದೆ ಮಾಡುತ್ತಿದ್ದೆ. ಅಲ್ಲಿನ ಪಥ್ಯ ಹೇಳುವ ಹೆಂಗಸು, ಎಲ್ಲರೂ ಬಾಯಿ ಎಂದು ಕರೆಯುವ ಡಯಟಿಷಿಯನ್, ಪ್ರೋಟೀನ್ ಸಾಲುತ್ತಿಲ್ಲ, ಮೊಟ್ಟೆಯ ಬಿಳಿ ಭಾಗ ತಿನ್ನಿ ಎಂದಾಗ ಅಣ್ಣ ಕೈ ಮುಗಿದುಬಿಟ್ಟ. ಹೊರಗೆ ಬಂದು ನನ್ನ ಮೇಲೆ ರೇಗಿದ.

"ರಕ್ತ ಅಂತೂ ಮಷೀನಿಗೆ ಕೊಟ್ಟಾತು. ಈಗ ಬಾಯಿನೂ ಕೆಡಿಸಿಕೋ ಅಂತಾರ. ತತ್ತಿ ಮುಟ್ಟಂಗಿಲ್ಲ ನಾ, ಹೇಳಿಬಿಡು ಆಕಿಗೆ."

ಡಯಟಿಷಿಯನ್ ಇನ್ನೊಂದು ಮಾತು ಹೇಳಿದ್ದರು. ಪಾಕೀಟಿನ ಯಾವ ತಿನಿಸನ್ನೂ ನನಗೆ ತೋರಿಸದೆ ಕೊಡಬೇಡಿ. ಅದು ನನಗೆ ನೆನಪಿತ್ತು. ಆದರೆ ಪಾಕೀಟಿನದು ಎಂದರೆ ಯಾರೋ ಎಲ್ಲೋ ಮಾಡಿದ್ದು, ಇದು ನಾನೇ ಕೈಯಾರೆ ಕಲಸಿದ್ದು ಎಂದು ನನ್ನ ತಲೆ ಲೆಕ್ಕ ಹಾಕಿತು. ಮೊಟ್ಟೆಯಿಲ್ಲ, ಸೋಯಾ ಇದೆ, ಉಪ್ಪು ಕಡಿಮೆ. ದೇವರೇ ಕೊಟ್ಟ ಹಾಗೆ ಕಂಡಿತು.

ಮುರಿದ ಪ್ಯಾಟಿಯನ್ನು ಹೊರಗೆ ಒಯ್ಯಬಾರದು ಎಂಬುದು ನಮ್ಮಲ್ಲಿ ನಿಯಮ. ಸ್ವಲ್ಪವನ್ನು ಮುಂದಿನ ಬ್ಯಾಚಿಗೆ ಸೇರಿಸುತ್ತಾರೆ, ಉಳಿದದ್ದು ಕಸಕ್ಕೆ. ಟ್ರಯಲಿನದೆಲ್ಲ ಕಸಕ್ಕೇ. ಎಲ್ಲ ಹೆಂಗಸರೂ ಟಿಫಿನ್ನಿನ ಕೆಳಗಿನ ಡಬ್ಬಿಯಲ್ಲಿ ಒಯ್ಯುತ್ತಿದ್ದರು. ನಾನೂ ಒಯ್ದೆ.

ಮೊದಲ ಸಲ ತವೆಯ ಮೇಲೆ ಸುಟ್ಟು ರೊಟ್ಟಿಯ ಜೊತೆ ಇಟ್ಟಾಗ ಅಣ್ಣ ಅನುಮಾನದಿಂದ ಮೂಸಿ ನೋಡಿದ. ಒಂದು ತುತ್ತು ತಿಂದವನೇ ನನ್ನ ಕಡೆ ತಿರುಗಿದ.

"ಉಪ್ಪ ಕಮ್ಮಿ ಅಂದಿ. ಉಪ್ಪ ಐತಲ್ಲ ಇದರಾಗ!"

"ಅದು ಬ್ಯಾರೆ ಉಪ್ಪಣ್ಣಾ. ಬಿ.ಪಿ.ಗೆ ಚಲೋ ಅಂತ."

ಅವನು ಪೂರ್ತಿ ತಿಂದ. ಎಷ್ಟೋ ಕಾಲದ ಮೇಲೆ ತಟ್ಟೆಯನ್ನು ಬೆರಳಿನಿಂದ ಒರೆಸಿದ. ಆಮೇಲೆ ನಾಲಿಗೆ ಚಪ್ಪರಿಸಿ, "ಕಡೀಕ ಒಂದೀಟು ಕಹಿ ಬರತೈತಿ ನೋಡು" ಎಂದ.

ಅದೇ ಕಹಿಯನ್ನು ಆ ಬೆಳಿಗ್ಗೆ ಮೇಡಂ ಹತ್ತಿರ ನಾನೇ ಹೇಳಿ ಬಂದಿದ್ದೆ. ಮನೆಯಲ್ಲಿ ಮಾತ್ರ, "ಗುಳಿಗಿ ತಿಂದು ತಿಂದು ನಿನ್ನ ನಾಲಿಗಿ ಕೆಟ್ಟೈತಿ" ಎಂದೆ.

"ಇರಬೇಕವಾ" ಎಂದು ನಕ್ಕ. "ನಾಲಿಗಿಗೆ ಪಗಾರ ತಗೊಳ್ಳಾಕಿ ನೀನು. ನಂದೇನೈತಿ, ಸಪ್ಪನ ಬ್ಯಾಳಿ ಉಂಡ ನಾಲಿಗಿ."

ಅಂದಿನಿಂದ ಕೆಲಸದಿಂದ ಬಂದೊಡನೆ ಅವನ ಕಣ್ಣು ನನ್ನ ಡಬ್ಬಿಯ ಮೇಲೆ. ನನಗೂ ಖುಷಿ. ಬಹಳ ದಿನಗಳ ನಂತರ ನಮ್ಮ ಖೋಲಿಯಲ್ಲಿ ಊಟದ ಹೊತ್ತಿಗೆ ನಗೆ ಕೇಳುತ್ತಿತ್ತು.

ಒಂದು ಶುಕ್ರವಾರ ಕೊನೆಯ ಟ್ರಯಲ್ ಫ್ರೀಜರಿನಿಂದ ಹೊರಬಂತು. ಅರ್ಧ ಹಳೆಯ ಉಪ್ಪು, ಅರ್ಧ ಹೊಸದು, ಮಸಾಲೆಯನ್ನು ಕಲಸುವ ಮೊದಲು ಎಣ್ಣೆಯಲ್ಲಿ ಬಿಸಿ ಮಾಡಿ ಹಾಕಿದ್ದೆವು. ಬಾಯಿ ಮುಕ್ಕಳಿಸಿ ತಿಂದೆ. ಕಾದೆ. ಗಂಟಲಲ್ಲಿ ಜೀರಿಗೆ, ಮೆಣಸು. ಬೇರೇನೂ ಬರಲಿಲ್ಲ.

"ಕಹಿ ಹೋಗೈತ್ರಿ ಮೇಡಂ" ಎಂದೆ.

ಮೇಡಂ ನನ್ನ ಎರಡೂ ಕೈ ಹಿಡಿದು ಕುಲುಕಿದರು. ಆಮೇಲೆ ಮಿಕ್ಸಿಂಗಿನವರನ್ನೆಲ್ಲ ನಿಲ್ಲಿಸಿ, ಹೊಸ ಉಪ್ಪಿನ ಚೀಲ ಎಲ್ಲಿರಬೇಕು, ಹೇಗೆ ಬೇರೆಯಾಗಿ ತೂಗಬೇಕು ಎಂದು ಹಿಂದಿಯಲ್ಲಿ ಹೇಳಿದರು. ಕೊನೆಗೆ ನನಗಾಗಿ ಕನ್ನಡದಲ್ಲೂ ಹೇಳಿದರು.

"ಇನ್ನೊಂದು ಅಕ್ಕಾ. ಬಿ.ಪಿ.ಯವರಿಗೆ ಇದು ಒಳ್ಳೇದು. ಆದ್ರೆ ಕಿಡ್ನಿ ಪ್ರಾಬ್ಲೆಮ್ ಇದ್ದವರಿಗೆ ಕೊಡಲೇಬಾರದು. ಪೊಟ್ಯಾಶಿಯಂ ಅವರ ಬಾಡಿಯಿಂದ ಹೊರಗೆ ಹೋಗಲ್ಲ. ಹಾರ್ಟಿಗೆ ಡೇಂಜರ್."

ನಾನು ಕೇಳಿಸಿಕೊಂಡೆ. ಒಂದು ಮಾತೂ ತಪ್ಪಲಿಲ್ಲ. ಕೈಯಲ್ಲಿದ್ದ ಪಾತ್ರೆ ಹಿಡಿದು ಹಾಗೇ ನಿಂತಿದ್ದೆ. ಅಣ್ಣನ ರೋಗದ ವಿಷಯ ಮೇಡಂಗೆ ಗೊತ್ತಿರಲಿಲ್ಲ. ಮನೆಯಲ್ಲಿ ರೋಗಿ ಇದ್ದಾನೆ, ರಜೆ ಕೇಳುತ್ತಾಳೆ ಎಂದುಕೊಂಡಾರೆಂದು ನಾನೇ ಹೇಳಿರಲಿಲ್ಲ. ಈಗ ಕೇಳಿದರೆ, ತಿಂದಿದ್ದಾನೆ, ಏನು ಮಾಡಲಿ ಎನ್ನಬೇಕು. ಎಲ್ಲಿಂದ ತಂದು ಕೊಟ್ಟೆ ಎಂಬ ಪ್ರಶ್ನೆ ಬರುತ್ತದೆ. ಕೇಳಲಿಲ್ಲ. ಇಷ್ಟು ದಿನ ತಿಂದವನಿಗೆ ಏನೂ ಆಗಿಲ್ಲ, ಇಂದು ಮಷೀನಿಗೆ ಹೋಗಿ ಬಂದಿದ್ದಾನೆ, ಎಲ್ಲ ತೊಳೆದು ಹೋಗಿರುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಮನೆಯ ಫ್ರಿಜ್ಜಿನಲ್ಲಿ ಹಿಂದಿನ ಟ್ರಯಲಿನ ಪ್ಯಾಟಿಗಳಿದ್ದವು. ಹೋಗಿ ಎಸೆದುಬಿಡಬೇಕಿತ್ತು. ಎಸೆಯಲಿಲ್ಲ. ಎಸೆದರೆ ಅಣ್ಣ ಯಾಕೆಂದು ಕೇಳುತ್ತಾನೆ.

ಶನಿವಾರ ಏನೋ ನೆಪ ಹೇಳಿ ತಪ್ಪಿಸಿದೆ. ಭಾನುವಾರ ಮಧ್ಯಾಹ್ನ ಅಣ್ಣ ಕೇಳಿಯೇಬಿಟ್ಟ.

"ಏನವಾ, ನಿನ್ನ ಬರ್ಗರ್ ಬಂದ್ ಆತೇನು?"

"ಬ್ಯಾಡ ಬಿಡಣ್ಣಾ. ಬ್ಯಾಳಿ ಮಾಡೀನಿ."

"ಆ ಬ್ಯಾಳಿ ನೀನ ಉಣ್ಣು. ಫ್ರಿಜ್ಜಿನ್ಯಾಗ ಇಟ್ಟೀದಿ, ನಾ ನೋಡೀನಿ. ನಾಳೆ ಮಷೀನಿಗೆ ಹೊಂಟೀನಲ್ಲ, ಎಲ್ಲಾ ತೊಳಕೊಂಡು ಹೋಗತೈತಿ."

ನಾನು ಶುಕ್ರವಾರದಿಂದ ನನಗೆ ಹೇಳಿಕೊಳ್ಳುತ್ತಿದ್ದ ಮಾತು ಅವನ ಬಾಯಿಂದಲೇ ಬಂತು. ತವೆ ಇಟ್ಟೆ. ಇನ್ನೊಂದು ಹಾಕು ಎಂದ, ಹಾಕಿದೆ. ಶುಕ್ರವಾರದಿಂದ ಸೋಮವಾರದವರೆಗೆ ಮಷೀನಿಲ್ಲದ ಅಂತರವೇ ಇಂಥ ರೋಗಿಗಳಿಗೆ ಅಪಾಯದ ಹೊತ್ತು ಎಂದು ಆಮೇಲೆ ತಿಳಿಯಿತು. ಆದರೆ ಕೊಡಲೇಬಾರದು ಎಂಬುದು ಆಗಲೇ ತಿಳಿದಿತ್ತು.

ಸೋಮವಾರ ಬೆಳಿಗ್ಗೆ ಅವನನ್ನು ಕೇಂದ್ರಕ್ಕೆ ಬಿಟ್ಟು ಕೆಲಸಕ್ಕೆ ಹೋಗುವವಳಿದ್ದೆ. ವಿಕ್ರೋಳಿ ಸ್ಟೇಷನ್ನಿನ ಸೇತುವೆಯ ಮೆಟ್ಟಿಲು ಅರ್ಧ ಹತ್ತಿದವನು ಕಂಬಿ ಹಿಡಿದು ನಿಂತ. ಹಿಂದಿನವರು, ಚಲೋ ಚಾಚಾ, ಚಲೋ ಎಂದು ಪಕ್ಕದಿಂದ ನುಗ್ಗುತ್ತಿದ್ದರು.

"ಕಾಲ ಏಳವಲ್ವು ತಂಗಿ" ಎಂದ. "ನನ್ನ ಕಾಲ ಅಲ್ಲ ಅನಸಾಕತ್ತೈತಿ."

ಅವನ ಪ್ಯಾಂಟು ಹಿಡಿದು ನಾನೇ ಕಾಲೆತ್ತಿ ಕೆಳಗಿನ ಮೆಟ್ಟಿಲಿಗೆ ಇಟ್ಟೆ. ಮರಳಿನ ಚೀಲದ ಹಾಗಿತ್ತು. ಯಾರೋ ಇಬ್ಬರು ಎತ್ತಿಕೊಂಡು ರಿಕ್ಷಾದಲ್ಲಿ ಕೂರಿಸಿದರು. ದಾರಿಯುದ್ದಕ್ಕೂ ಅವನ ಎದೆಯ ಮೇಲೆ ಕೈ ಇಟ್ಟುಕೊಂಡಿದ್ದೆ. ಬಡಿತ ನಡುನಡುವೆ ತಡೆದು ನಿಲ್ಲುತ್ತಿತ್ತು.

ಕೇಂದ್ರದಲ್ಲಿ ಎದೆಗೆ ವೈರು ಹಚ್ಚಿ ಕಾಗದ ತೆಗೆದರು. ಕಾಗದ ನೋಡಿದ ಡಾಕ್ಟರರ ದನಿ ಏರಿತು. ಇಂಜೆಕ್ಷನ್ ಕೊಟ್ಟು, ಬೇರೊಬ್ಬರ ಸರದಿ ತಪ್ಪಿಸಿ, ಅಣ್ಣನನ್ನು ಮಷೀನಿಗೆ ಜೋಡಿಸಿದರು. ಪೊಟ್ಯಾಶಿಯಂ ಬಹಳ ಏರಿದೆ, ಇನ್ನು ಸ್ವಲ್ಪ ತಡವಾಗಿದ್ದರೆ ಹೃದಯ ನಿಲ್ಲುತ್ತಿತ್ತು ಎಂದರು. ಆಮೇಲೆ ನನ್ನನ್ನೇ ನೋಡಿ ಕೇಳಿದರು.

"ಕಲ್ ಕ್ಯಾ ಖಾಯಾ ಇನ್ಹೋಂನೆ? ಕೇಲಾ? ನಾರಿಯಲ್ ಪಾನಿ? ಸಚ್ ಬೋಲೋ."

ನಿನ್ನೆ ಏನು ತಿಂದ, ಬಾಳೆಹಣ್ಣೋ, ಎಳನೀರೋ, ನಿಜ ಹೇಳು ಎಂದು ಕೇಳಿದರು. ಗೇಟಿನ ವಾಚ್‌ಮನ್, ಟಿಫಿನ್ನಿನ ಡಬ್ಬಿ, ಮೇಡಂ ನನ್ನ ಕೈ ಕುಲುಕಿದ್ದು ಎಲ್ಲ ಒಮ್ಮೆಗೇ ಕಣ್ಣಿಗೆ ಬಂದವು. ಅಣ್ಣ ನನ್ನನ್ನು ನೋಡಿದ. ಆಮೇಲೆ ಒಣಗಿದ ತುಟಿಯಲ್ಲಿ, "ನಾರಿಯಲ್ ಪಾನಿ" ಎಂದ.

ಎಲ್ಲರೆದುರು ಡಾಕ್ಟರರು ಅವನನ್ನು ಬೈದರು. ಡಯಟಿಷಿಯನ್ ಬಂದು ಮಕ್ಕಳಿಗೆ ಬುದ್ಧಿ ಹೇಳುವಂತೆ ಹೇಳಿದರು. ಅಣ್ಣ, "ಹಾಂ ಜೀ, ಗಲತೀ ಹೋ ಗಯೀ" ಎನ್ನುತ್ತಲೇ ಇದ್ದ. ಅಂದಿನಿಂದ ಅಲ್ಲಿಯ ಹುಡುಗರ ಬಾಯಲ್ಲಿ ಅವನು ನಾರಿಯಲ್ ಅಂಕಲ್. ಸೂಜಿ ಚುಚ್ಚುವಾಗ, "ಕ್ಯಾ ಅಂಕಲ್, ಆಜ್ ಮಲಾಯಿವಾಲಾ ಪಿಯಾ ಯಾ ಪಾನಿವಾಲಾ?" ಇಂದು ಗಂಜಿಯ ಎಳನೀರು ಕುಡಿದಿರೋ, ಬರಿ ನೀರಿನದೋ ಎಂದು ತಮಾಷೆ ಮಾಡುತ್ತಿದ್ದರು. ನೆರೆಯವರ ಬಾಗಿಲಲ್ಲಿ ಚಹಾ ಸಹ ಕುಡಿಯದ ಮನುಷ್ಯ, ಕದ್ದು ಕುಡಿದವನ ಹೆಸರು ಹೊತ್ತು ನಕ್ಕು ಸುಮ್ಮನಿರುತ್ತಿದ್ದ.

ಆ ಸೋಮವಾರ ಮನೆಗೆ ಬಂದ ಮೇಲೆ, "ಹಂಗ್ಯಾಕ ಅಂದಿ ಅಣ್ಣಾ?" ಎಂದು ಕೇಳಿದೆ.

"ನೀ ಬಾಯಿ ತಗಿಯವಲ್ಲಿ. ಯಾರರ ಏನರ ಅನಬೇಕಲ್ಲ." ಆಮೇಲೆ ಕೇಳಿದ, "ಆ ಉಪ್ಪಿಂದು ನಿನಗ ಗೊತ್ತಿತ್ತೇನು?"

"ಇಲ್ಲ" ಎಂದೆ.

"ಅಷ್ಟ ಸಾಕು" ಎಂದು ಗೋಡೆಯ ಕಡೆ ತಿರುಗಿ ಮಲಗಿದ.

ಕಾರ್ಖಾನೆಯಲ್ಲಿ ಹೊಸ ಪ್ಯಾಟಿಯ ನಿಜವಾದ ಉತ್ಪಾದನೆ ಶುರುವಾಯಿತು. ಹೊಸ ಉಪ್ಪು ತೂಗುವ ಕೆಲಸ ನನ್ನದೇ. ಒಂದು ದಿನ ಪೆಟ್ಟಿಗೆಗಳು ಅಚ್ಚಾಗಿ ಬಂದವು. ಹಸಿರು ಚುಕ್ಕೆ, ನಗುವ ಸಂಸಾರದ ಚಿತ್ರ, ಸೋಡಿಯಂ ಕಡಿಮೆ ಎಂದು ದೊಡ್ಡ ಅಕ್ಷರ. ಕಿಡ್ನಿಯವರ ಮಾತು ಎಲ್ಲಿದೆ ಎಂದು ಪ್ಯಾಕಿಂಗಿನಲ್ಲಿದ್ದ, ಇಂಗ್ಲಿಷ್ ಬಲ್ಲ ಮಾವಶಿಯ ಮಗಳಿಂದ ಎಲ್ಲ ಬದಿಯನ್ನೂ ಓದಿಸಿದೆ. ಎಲ್ಲೂ ಇರಲಿಲ್ಲ. ಸಾಮಗ್ರಿಗಳ ಸಾಲಿನಲ್ಲಿ ಆ ಉಪ್ಪಿನ ಹೆಸರು ಮಾತ್ರ ಇತ್ತು. ಉಪ್ಪು ಕಡಿಮೆ ಎಂದು ನಂಬಿ, ಇನ್ನಾವುದೋ ಮನೆಯ ತಂಗಿ ತನ್ನ ಅಣ್ಣನಿಗೆ ಇದನ್ನು ಸುಟ್ಟು ಕೊಡುತ್ತಾಳೆ. ಅವಳಿಗಾದರೂ ಗೊತ್ತಿರುವುದಿಲ್ಲ. ಅರ್ಧ ತೂಗಿದ ಪುಡಿಯನ್ನು ಅಲ್ಲೇ ಬಿಟ್ಟು ಮೇಡಂ ಕೋಣೆಗೆ ಹೋದೆ. ನಿಂತುಕೊಂಡೇ ಎಲ್ಲ ಹೇಳಿದೆ.

ಮೇಡಂ ಕೈಯಲ್ಲಿದ್ದ ಪೆನ್ನು ಕೆಳಗಿಟ್ಟರು.

"ನಾನು ಹೇಳಿದ್ದೆ ಅಲ್ವಾ ಅಕ್ಕಾ?"

"ಹೇಳಿದ್ರಿ."

"ಆಮೇಲೂ ಕೊಟ್ರಾ?"

"ಕೊಟ್ಟೆ."

ಅವರ ಕನ್ನಡ ಅಲ್ಲಿಗೆ ಮುಗಿಯಿತು. ಹಿಂದಿಯಲ್ಲಿ, ಮಾಲು ಹೊರಗೆ ಹೋದದ್ದನ್ನು ನಾನು ಮೇಲೆ ತಿಳಿಸಲೇಬೇಕು, ಪೆಟ್ಟಿಗೆಯ ವಿಷಯವನ್ನೂ ಹೇಳುತ್ತೇನೆ ಎಂದರು. ಎರಡನ್ನೂ ಮಾಡಿದರು. ಕೆಲಸ ಹೋಗಲಿಲ್ಲ, ಅವರೇ ಬೇಡಿಕೊಂಡಿರಬೇಕು. ಮಿಕ್ಸಿಂಗಿನಿಂದ ತೆಗೆದು ಪ್ಯಾಕಿಂಗಿಗೆ ಹಾಕಿದರು. ರುಚಿ ನೋಡಲು ಮತ್ತೆ ಕರೆಯಲಿಲ್ಲ. ಗೇಟಿನಲ್ಲಿ ಈಗ ಎಲ್ಲರ ಡಬ್ಬಿ ತೆರೆಸುತ್ತಾರೆ, ಅದಕ್ಕೆ ಮಾವಶಿ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಪೆಟ್ಟಿಗೆಯ ಮೇಲೆ ಎಚ್ಚರಿಕೆಯ ಸಾಲು ಮುಂದಿನ ಅಚ್ಚಿನಲ್ಲಿ ಬರುತ್ತದೆ ಎಂದು ಆಫೀಸು ಹೇಳಿತು. ಮೊದಲು ಅಚ್ಚಾದವು ಹಾಗೇ ಹೋದವು. ಅವುಗಳಿಗೆ ಟೇಪು ಹಚ್ಚಿದವಳು ನಾನು.

ಮುಂದಿನ ಬುಧವಾರ ರಜೆ ಹಾಕಿ ಮುಲುಂಡಿಗೆ ಹೋಗಿ ಡಯಟಿಷಿಯನ್ ಬಾಯಿಗೂ ಹೇಳಿದೆ, ಶುಕ್ರವಾರವೇ ಮೇಡಂ ಎಚ್ಚರಿಸಿದ್ದನ್ನೂ ಸೇರಿಸಿ. ಅಣ್ಣ ಮಷೀನಿಗೆ ಜೋಡಿಸಿಕೊಂಡು ಪಕ್ಕದಲ್ಲೇ ಮಲಗಿದ್ದ, ಕೇಳಿಸಿಕೊಂಡ. ನಾರಿಯಲ್ ಅಂಕಲ್ ಎನ್ನುವ ಹುಡುಗರೂ ಕೇಳಿಸಿಕೊಂಡರು. ಅವನಿಗೆ ಹತ್ತಿದ ಆ ಹೆಸರು ಹೋಗಲಿ ಎಂದೇ ನಾನು ಎಲ್ಲರಿಗೂ ಕೇಳುವಂತೆ ಹೇಳಿದ್ದೆ. ಅಣ್ಣ ಕಣ್ಣು ಮುಚ್ಚಿಕೊಂಡ.

ಮರಳಿ ಬರುವಾಗ ಲೋಕಲ್‌ನಲ್ಲಿ ಕೂರಲು ಜಾಗ ಸಿಕ್ಕಿತು. ಭಾಂಡುಪ್ ದಾಟಿದ ಮೇಲೆ ಮಾತಾಡಿದ.

"ಗೊತ್ತಿರಲಿಲ್ಲ ಅಂದಿದ್ದಿ."

"ಗೊತ್ತಿತ್ತಣ್ಣಾ."

"ನಿಮ್ಮ ಮೇಡಂಗ ಹೇಳಿದಿ. ಆ ಬಾಯಿಗೆ ಹೇಳಿದಿ. ಸೂಜಿ ಹಾಕೋ ಹುಡುಗೂರ ಮುಂದ ಹೇಳಿದಿ." ಕಿಟಕಿಯಿಂದ ಮುಖ ತಿರುಗಿಸಲಿಲ್ಲ. "ನಾ ಕೇಳಿದಾಗ ನನಗೊಬ್ಬನಿಗೆ ಹೇಳಲಿಲ್ಲ."



ಅಣ್ಣ ಇದ್ದಾನೆ. ಕಾಲಿಗೆ ಶಕ್ತಿ ಬಂದಿದೆ, ಮೆಟ್ಟಿಲು ತಾನೇ ಹತ್ತುತ್ತಾನೆ. ನಾನು ಮಾಡಿ ಹಾಕಿದ್ದನ್ನೇ ಉಣ್ಣುತ್ತಾನೆ, ಒಮ್ಮೆಯೂ ತಟ್ಟೆ ಸರಿಸಿಲ್ಲ. ಹಿಂದೆ ಬೇಳೆ ಸಪ್ಪೆ, ರೊಟ್ಟಿ ದಪ್ಪ, ಪಲ್ಯ ಕುದಿಸಿ ಕೊಂದಿದ್ದಿ ಎಂದು ದಿನವೂ ಏನಾದರೊಂದು ಅನ್ನುತ್ತಿದ್ದ. ಈಗ, "ಹೆಂಗೈತಿ?" ಎಂದರೆ, "ಚಲೋ ಐತಿ" ಎನ್ನುತ್ತಾನೆ. ಮೊನ್ನೆ ಮೆಂತ್ಯೆಯ ಒಗ್ಗರಣೆ ಸೀದು ಬೇಳೆ ಕಹಿಯಾಗಿತ್ತು. ಅವನು ಉಂಡು ಕೈ ತೊಳೆದು ಹೋದ ಮೇಲೆ ನಾನು ಬಾಯಿಗೆ ಹಾಕಿಕೊಂಡಾಗಲೇ ಗೊತ್ತಾಯಿತು. ತಟ್ಟೆ ಖಾಲಿಯಿತ್ತು. ಅಂದೂ ಚಲೋ ಐತಿ ಎಂದೇ ಹೇಳಿದ್ದ.